ಪ್ರಾರ್ಥನೆ ಪೆಟ್ಟಿಗೆಗೆ ಬಿದ್ದ ಚೀಟಿ

ಗುಡುಗು ಮಿಸ್‌ಗೆ ಆ ಹೆಸರಿಟ್ಟವರು ಮಕ್ಕಳು, ಇಟ್ಟಿದ್ದೂ ಸರಿಯಾಗಿಯೇ ಇಟ್ಟಿದ್ದರು. ಅವಳು ಗುಟ್ಟು ಹೇಳಿದರೂ ಮೂರು ಕ್ಲಾಸು ದಾಟಿ ಕೇಳಿಸುತ್ತಿತ್ತು. ಕೋಪವಂತೂ ಯಾವಾಗಲೂ ಮೂಗಿನ ತುದಿಯಲ್ಲೇ. ಆ ಕಾನ್ವೆಂಟ್ ಶಾಲೆಯಲ್ಲಿ ಓದು ಹತ್ತದ, ಲೆಕ್ಕ ತಲೆಗೆ ಹೋಗದ, ಕೂತಲ್ಲಿ ಕೂರಲಾಗದ, ಬಾಯೇ ಬಿಡದ ಹದಿನಾರು ಮಕ್ಕಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬಾಗಿಲ ಮೇಲೆ ‘ವಿಶೇಷ ಶಿಕ್ಷಣ ವಿಭಾಗ’ ಎಂದು ದೊಡ್ಡದಾಗಿ ಬೋರ್ಡು ಹಾಕಿದ್ದರು. ವಿಭಾಗ ಅಂದರೆ ಏನು ಮಹಾ, ಚಾಪೆಲ್‌ನ ಹಿಂದೆ ಮೊದಲು ಮೇಣದ ಬತ್ತಿ, ಹೂದಾನಿ, ಹಾಡುವವರ ಬಿಳಿ ನಿಲುವಂಗಿ ಇಡುತ್ತಿದ್ದ ಉಗ್ರಾಣ. ಕಿಟಕಿ ಒಂದೇ, ಅದೂ ಅರ್ಧ ತೆರೆಯುತ್ತಿತ್ತು. ಬೋರ್ಡಿಗೆ ಕೊಟ್ಟ ಗಮನದ ಕಾಲು ಭಾಗ ಕಿಟಕಿಗೆ ಕೊಟ್ಟಿದ್ದರೆ ಮಕ್ಕಳಿಗೆ ಗಾಳಿಯಾದರೂ ಬರುತ್ತಿತ್ತು ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು.

ಆ ಶಾಲೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಕಥೆಯೆಲ್ಲ ಇರುವುದು ಅವುಗಳಲ್ಲಿ, ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದು, ಚಾಪೆಲ್ ಬಾಗಿಲ ಪಕ್ಕದ ಮರದ ಪೆಟ್ಟಿಗೆ. ಯಾವ ಮಗುವಾದರೂ ತನ್ನ ಕೋರಿಕೆಯನ್ನು ಬರೆದು ಅದರಲ್ಲಿ ಹಾಕಬಹುದು. ಶುಕ್ರವಾರ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಮುಖ್ಯೋಪಾಧ್ಯಾಯಿನಿ, ಅಂದರೆ ಮಕ್ಕಳ ಬಾಯಲ್ಲಿ ದೊಡ್ಡ ಸಿಸ್ಟರ್, ಅವನ್ನು ಮೈಕಿನಲ್ಲಿ ಓದುತ್ತಿದ್ದರು. ಒಂದೊಂದು ಕೋರಿಕೆಗೂ ಆರುನೂರು ಮಕ್ಕಳು ಒಟ್ಟಿಗೆ, “ಪ್ರಭುವೇ, ನಮ್ಮ ಮೊರೆಯನ್ನು ಆಲಿಸು” ಅನ್ನಬೇಕು. ಅಪ್ಪನ ಕಾಲು ಬೇಗ ವಾಸಿಯಾಗಲಿ, ಗಣಿತದಲ್ಲಿ ಪಾಸಾಗಲಿ, ನಮ್ಮ ನಾಯಿ ಸುಖವಾಗಿ ಮರಿ ಹಾಕಲಿ. ಅದು ಚೆಂದದ ಪದ್ಧತಿಯೇ. ಗುಡುಗು ಮಿಸ್‌ಗೂ ಅದರ ಮೇಲೆ ಏನೂ ಸಿಟ್ಟಿರಲಿಲ್ಲ.

ಇನ್ನೊಂದು, ಲೈಬ್ರರಿಯ ಮೂಲೆಯಲ್ಲಿದ್ದ ನೀಲಿ ತಗಡಿನ ಡಬ್ಬ. ವಾರಕ್ಕೆರಡು ದಿನ ಬರುತ್ತಿದ್ದ ಕೌನ್ಸೆಲರ್ ಮೇಡಮ್ಮೂ ಗುಡುಗು ಮಿಸ್ಸೂ ಸೇರಿ ಇಟ್ಟಿದ್ದು. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹಾಕಿ, ನಾವಿಬ್ಬರೇ ಓದುತ್ತೇವೆ, ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ ಎಂದು ಪ್ರತಿ ಕ್ಲಾಸಿಗೂ ಹೋಗಿ ಮಾತು ಕೊಟ್ಟಿದ್ದರು. ಈ ವರ್ಷ ಕೌನ್ಸೆಲರ್ ಮೇಡಮ್ಮನ್ನು ಸಂಸ್ಥೆಯ ಇನ್ನೊಂದು ಶಾಲೆಗೆ ಕಳಿಸಿದರು. ಡಬ್ಬ ಮಾತ್ರ ಉಳಿಯಿತು, ಬೀಗದ ಕೈ ಗುಡುಗು ಮಿಸ್ ಹತ್ತಿರ ಒಂದು, ಆಫೀಸಿನ ಕಪಾಟಿನಲ್ಲಿ ಒಂದು.

ಆ ಶುಕ್ರವಾರ ಅವಳು ಅಸೆಂಬ್ಲಿಗೆ ಹೋಗಿರಲಿಲ್ಲ. ಎರಡು ವಾರದಲ್ಲಿ ಬಿಷಪರು ಬರುವವರಿದ್ದರು. ಶಾಲೆಗೆ ಶಾಲೆಯೇ ಸುಣ್ಣ, ಬಣ್ಣ, ಗುಡಿಸು, ಒರೆಸು ಎಂದು ಹುಚ್ಚು ಹಿಡಿದಂತೆ ಆಡುತ್ತಿತ್ತು. ಥರ್ಮೋಕೋಲಿನಲ್ಲಿ ‘ಸುಸ್ವಾಗತ’ ಕತ್ತರಿಸುವ ಕೆಲಸ ಅವಳ ತಲೆಗೆ ಬಿದ್ದಿತ್ತು. ನಿಮ್ಮ ಹತ್ತಿರ ಮಕ್ಕಳು ಕಡಿಮೆ, ನಿಮಗೆ ಸಮಯ ಇರುತ್ತದಲ್ಲ ಎಂದು ದೊಡ್ಡ ಸಿಸ್ಟರ್ ಅಂದಾಗಲೇ ಅವಳಿಗೆ ಮೈ ಉರಿದಿತ್ತು. ಆದರೂ ಒಂದು ವಾರದಿಂದ ಕತ್ತರಿಸುತ್ತಲೇ ಇದ್ದಳು. ಕೋಣೆಯ ತುಂಬ ಬಿಳಿ ಪುಡಿ, ತಲೆಯಲ್ಲೂ ಬಿಳಿ ಪುಡಿ. ಹೊರಗೆ ಮೈಕು ಎಂದಿನಂತೆ ಕೋರಿಕೆಗಳನ್ನು ಓದುತ್ತಿತ್ತು, ಅವಳ ಕಿವಿ ಅರ್ಧ ಅಲ್ಲಿ, ಅರ್ಧ ಬ್ಲೇಡಿನ ಮೇಲೆ.

“ಏಳನೇ ಬಿ ತರಗತಿಯ ನಮ್ಮ ಚುಕ್ಕಿಗಾಗಿ ಪ್ರಾರ್ಥಿಸೋಣ,” ಎಂದಿತು ಮೈಕು.

ಬ್ಲೇಡು ನಿಂತಿತು.

“ಈ ಹುಡುಗಿ ಬರೆಯುತ್ತಾಳೆ, ‘ನನಗೆ ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ. ಹಾಗೇ ಮಲಗಿಬಿಟ್ಟರೆ ಚೆನ್ನಾಗಿರುತ್ತೆ. ಅಮ್ಮನಿಗೆ ಹೇಳಬೇಡಿ.’ ಮಕ್ಕಳೇ, ಸೋಮಾರಿತನ ನಮ್ಮೆಲ್ಲರಲ್ಲೂ ಇರುತ್ತದೆ. ಅದನ್ನು ಒಪ್ಪಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ? ಚುಕ್ಕಿ ಮುಂಜಾನೆ ಲವಲವಿಕೆಯಿಂದ ಏಳುವಂತಾಗಲಿ ಎಂದು ಬೇಡೋಣ.”

ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದು ನಗು. ಆಮೇಲೆ ಆರುನೂರು ಗಂಟಲು ಒಟ್ಟಿಗೆ, “ಪ್ರಭುವೇ, ನಮ್ಮ ಮೊರೆಯನ್ನು ಆಲಿಸು.”

ಗುಡುಗು ಮಿಸ್ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ‘ಸು’ ಕಾಲಡಿ ಸಿಕ್ಕಿ ಎರಡಾಯಿತು. ಅವಳು ಚಾಪೆಲ್ ಬಳಸಿಕೊಂಡು ಮೈದಾನಕ್ಕೆ ಓಡಿದಳು, ನಲವತ್ತೆಂಟು ವರ್ಷದ ಮಂಡಿ ನೋವು ಆಗ ನೆನಪಿಗೂ ಬರಲಿಲ್ಲ. ಏಳನೇ ಬಿ ಸಾಲಿನಲ್ಲಿ ಮುಂದಿನಿಂದ ನಾಲ್ಕನೆಯವಳಾಗಿ ಚುಕ್ಕಿ ನಿಂತಿದ್ದಳು. ಕೈ ಮುಗಿದಿತ್ತು. ಕಣ್ಣು ಎದುರಿನ ಹುಡುಗಿಯ ಜಡೆಯ ಮೇಲೆ ನೆಟ್ಟಿತ್ತು. ಮುಂದಿನ ಕೋರಿಕೆ ಯಾರದೋ ತಾತನ ಕಣ್ಣಿನ ಆಪರೇಷನ್ನಿನದು. ಅದಕ್ಕೂ ಎಲ್ಲರೂ ಮೊರೆಯನ್ನು ಆಲಿಸು ಅಂದರು. ಚುಕ್ಕಿಯ ತುಟಿಯೂ ಅಲ್ಲಾಡಿತು. ಅಂದರೆ ತನ್ನ ಹೆಸರು ಬಂದಾಗಲೂ ಅವಳು ಎಲ್ಲರ ಜೊತೆ ಅಂದಿದ್ದಳು.

ಚುಕ್ಕಿ ಅಂದರೆ ಹನ್ನೆರಡು ವರ್ಷದ ಹುಡುಗಿ. ಪುಟದ ಮೇಲೆ ಅಕ್ಷರಗಳು ಅವಳಿಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು, ಅದನ್ನು ಅಲ್ಲೇ ಕಟ್ಟಿಹಾಕಿ, ಆಮೇಲೆ ಮುಂದಿನದಕ್ಕೆ ಹೋಗುವುದು ಅವಳೇ ಕಂಡುಕೊಂಡ ಉಪಾಯ. ಹೆಸರು ಅದರಿಂದಲೇ ಬಂತು. ಮೂರು ವರ್ಷದಿಂದ ಗುಡುಗು ಮಿಸ್ ಹತ್ತಿರ ದಿನಕ್ಕೆ ಒಂದು ಗಂಟೆ ಕೂರುತ್ತಿದ್ದಳು. ಯಾವುದನ್ನೂ ನೋಡಿ ಬರೆಯದೆ ತಾನೇ ಒಂದು ವಾಕ್ಯ ಬರೆಯಲು ಕಲಿತದ್ದು ಈಚಿನ ನಾಲ್ಕು ತಿಂಗಳಲ್ಲಿ. ಈಚೆಗೆ ಊಟ ಬಿಡುತ್ತಿದ್ದಳು, ಉಗುರಿನ ಪಕ್ಕದ ಚರ್ಮ ಕಿತ್ತುಕೊಳ್ಳುತ್ತಿದ್ದಳು, ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು. ಬಾಯಲ್ಲಿ ಬರದಿದ್ದರೆ ಬರೆದು ಡಬ್ಬಕ್ಕೆ ಹಾಕು, ತಪ್ಪಿದ್ದರೂ ಪರವಾಗಿಲ್ಲ, ನಾನೊಬ್ಬಳೇ ಓದೋದು ಎಂದು ಗುಡುಗು ಮಿಸ್ಸೇ ಹೇಳಿದ್ದಳು. ಮಗು ನಂಬಿ ಬರೆಯಿತು.

ಸಾಲಿನಿಂದ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋಗುವಾಗ ಪಕ್ಕದ ಹುಡುಗಿ ಪಾಪ ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು, “ಚುಕ್ಕಿ, ನಾಳೆಯಿಂದ ಬೇಗ ಏಳ್ತೀಯಾ?”

ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಗುಡುಗು ಮಿಸ್ ನೆಲದ ಮೇಲೆ ಎದುರಿಗೆ ಕೂತಳು. ಚುಕ್ಕಿ ಅಳಲಿಲ್ಲ. ಥರ್ಮೋಕೋಲಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಒಂದು ಕಡೆ ಸೇರಿಸುತ್ತಿದ್ದಳು.

“ನೀವೊಬ್ರೇ ಓದ್ತೀರಿ ಅಂದಿದ್ರಿ,” ಎಂದಳು.

“ಅಂದಿದ್ದೆ ಕಣಮ್ಮ.”

“ಮತ್ತೆ?”

ಗುಡುಗು ಮಿಸ್‌ಗೆ ಕೌನ್ಸೆಲರ್ ಮೇಡಮ್ಮು ಹೇಳಿಕೊಟ್ಟಿದ್ದು ಒಂದು ನೆನಪಾಯಿತು. ಸುತ್ತಿಬಳಸಬೇಡಿ, ನೇರವಾಗಿ ಕೇಳಿ, ಕೇಳುವುದರಿಂದ ಕೆಟ್ಟದ್ದಾಗುವುದಿಲ್ಲ. ಕೇಳಿದಳು. “ಪುಟ್ಟಾ, ಹಾಗೇ ಮಲಗಿಬಿಡೋದು ಅಂದ್ರೆ, ಸತ್ತು ಹೋಗ್ಬೇಕು ಅಂತ ಅನ್ಸುತ್ತಾ?”

“ಗೊತ್ತಿಲ್ಲ ಮಿಸ್. ಏಳೋದು ಬೇಡ ಅಷ್ಟೇ,” ಎಂದಳು ಚುಕ್ಕಿ.

ಗುಡುಗು ಮಿಸ್ ಅಲ್ಲೇ ಕೂತು ಕೌನ್ಸೆಲರ್ ಮೇಡಮ್ಮಿಗೆ ಫೋನು ಮಾಡಿದಳು. ಅವರು ಕ್ಷಣವೂ ತಡಮಾಡಲಿಲ್ಲ. ಒಬ್ಬಳನ್ನೇ ಬಿಡಬೇಡಿ, ತಾಯಿಗೆ ಹೇಳಲೇಬೇಕು, ಮಗುವಿಗೆ ತಿಳಿಸಿಯೇ ಹೇಳಿ, ಇವತ್ತು ಸಂಜೆ ನಾಲ್ಕಕ್ಕೆ ನನಗೆ ಗೊತ್ತಿರುವ ಮಕ್ಕಳ ಮನೋವೈದ್ಯರ ಹತ್ತಿರ ಸಮಯ ತೆಗೆದುಕೊಳ್ಳುತ್ತೇನೆ ಎಂದರು. ಆಮೇಲೆ, “ಡಬ್ಬದ ಚೀಟಿ ಅಲ್ಲಿಗೆ ಹೇಗ್ರೀ ಹೋಯ್ತು?” ಎಂದು ಕೇಳಿದರು.

ಹೇಗೆ ಹೋಯಿತು ಎನ್ನುವುದು ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಗೊತ್ತಾಯಿತು. ಯಾರೂ ಕದ್ದಿರಲಿಲ್ಲ, ಯಾರೂ ಹಗೆ ತೀರಿಸಿಕೊಂಡಿರಲಿಲ್ಲ. ಸೋಮವಾರ ದೊಡ್ಡ ಸಿಸ್ಟರ್ ಕಾರಿಡಾರು ನೋಡುತ್ತ ಬಂದಿದ್ದರು. ತುಕ್ಕು ಹಿಡಿದ ನೀಲಿ ಡಬ್ಬ ಕಣ್ಣಿಗೆ ಬಿತ್ತು. ಬಿಷಪರು ನೋಡಿದರೆ ಚೆನ್ನಾಗಿರುವುದಿಲ್ಲ. ಅಲ್ಲದೆ ಮಕ್ಕಳು ಕಷ್ಟ ಬರೆದು ಹಾಕುವುದಕ್ಕೆ ಚಾಪೆಲ್ ಹತ್ತಿರ ಒಂದು ಇದ್ದೇ ಇದೆ, ಒಂದೇ ಕೆಲಸಕ್ಕೆ ಎರಡು ಯಾಕೆ? ಕಪಾಟಿನ ಬೀಗದ ಕೈ ತೆಗೆದು, ಒಳಗಿದ್ದ ನಾಲ್ಕು ಚೀಟಿಗಳನ್ನು ಭಕ್ತಿಯಿಂದಲೇ ಮರದ ಪೆಟ್ಟಿಗೆಗೆ ಸುರಿದು, ಡಬ್ಬವನ್ನು ಗುಜರಿಗೆ ಹಾಕಿಸಿದರು. ದೇವರಿಗಿಂತ ದೊಡ್ಡ ಕೌನ್ಸೆಲರ್ ಯಾರಿದ್ದಾರೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಬೈಯೋಣ ಎಂದರೆ ಮುಖದಲ್ಲಿ ಒಂದು ಚೂರು ಕೆಟ್ಟತನ ಇಲ್ಲ. ಇಂಥವರ ಮೇಲೆ ಬರುವ ಸಿಟ್ಟಿದೆಯಲ್ಲ, ಅದು ಹೊರಗೂ ಬರುವುದಿಲ್ಲ, ಒಳಗೂ ಇಳಿಯುವುದಿಲ್ಲ.

ಗುಡುಗು ಮಿಸ್‌ಗೆ ಮಾತ್ರ ಹೊರಗೇ ಬಂತು.

“ಸೋಮಾರಿತನ ಅಂದ್ರಲ್ಲ ಸಿಸ್ಟರ್! ಆ ಮಗು ಬದುಕೋದೇ ಬೇಡ ಅನ್ನೋ ಹಾಗೆ ಬರೆದಿದೆ. ನೀವು ಊರಿಗೆಲ್ಲ ಡಂಗುರ ಸಾರಿ ಬಂದ್ರಿ!”

“ಮೆಲ್ಲಗೆ ಮಾತಾಡಿ. ಹೊರಗೆ ಮಕ್ಕಳಿದ್ದಾರೆ.”

“ಈಗ ನೆನಪಾಯ್ತಾ ಮಕ್ಕಳಿದ್ದಾರೆ ಅಂತ?”

ದೊಡ್ಡ ಸಿಸ್ಟರ್ ಮುಖ ಬಿಳಿಚಿಕೊಂಡಿತು. ಚೀಟಿಯನ್ನು ಮೇಜಿನ ಮೇಲಿಟ್ಟು ಇನ್ನೊಂದು ಸಲ ಓದಿದರು. ಈ ಸಲ ಅರ್ಥವಾಯಿತು, ಅದು ಅವರ ಕಣ್ಣಿನಲ್ಲೇ ಕಾಣಿಸಿತು. ಅರ್ಥವಾದ ಮೇಲೆ ಅವರು ಮಾಡಿದ್ದೇನು? ಕ್ಲರ್ಕನ್ನು ಕರೆದು ಮೆಲುದನಿಯಲ್ಲಿ ಏನೋ ಹೇಳಿದರು. ಹದಿನೈದು ನಿಮಿಷದಲ್ಲಿ ಟಿ.ಸಿ. ಅರ್ಜಿ ಟೈಪಾಗಿ ಬಂತು. ಬೆಳಿಗ್ಗೆ ಎಂಟೂವರೆಗೆ ಸೋಮಾರಿಯಾಗಿದ್ದ ಹುಡುಗಿ ಹನ್ನೊಂದೂಕಾಲಿಗೆ ಶಾಲೆಗೇ ಅಪಾಯವಾಗಿಬಿಟ್ಟಿದ್ದಳು. ನಡುವೆ ಬರೀ ಕಷ್ಟದಲ್ಲಿರುವ ಒಂದು ಮಗುವಾಗಿ ಇರಲು ಅವಳಿಗೆ ಒಂದು ನಿಮಿಷವೂ ಸಿಗಲಿಲ್ಲ.

ಅಷ್ಟರಲ್ಲಿ ಚುಕ್ಕಿಯ ಅಮ್ಮ ಬಂದರು, ಚುಕ್ಕಿಗೆ ತಿಳಿಸಿಯೇ ಗುಡುಗು ಮಿಸ್ ಫೋನು ಮಾಡಿ ಕರೆಸಿದ್ದಳು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡುವ ಕೆಲಸ ಅವರದು. ಅಪ್ಪ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೆ. ಅಮ್ಮ ಕೆಲಸದ ಏಪ್ರನ್ನಿನಲ್ಲೇ ಓಡಿ ಬಂದಿದ್ದರು, ಮುಂಗೈ ಮೇಲೆ ಹಬೆ ತಗುಲಿದ ಹಳೆಯ ಕಲೆಗಳಿದ್ದವು. ಚುಕ್ಕಿ ಆಫೀಸಿನ ಬಾಗಿಲಲ್ಲಿ ಬೆಂಚಿನ ಮೇಲೆ ಶಾಲೆಯ ಆಯಾಳ ಪಕ್ಕ ಕೂತಿದ್ದಳು. ಅಮ್ಮ ಮಗಳ ತಲೆ ಮುಟ್ಟಿ ಒಳಗೆ ಬಂದರು. ಫೋನಿನಲ್ಲಿ ಎಲ್ಲ ಕೇಳಿದ್ದರೂ ಚೀಟಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದರು.

“ಅಮ್ಮನಿಗೆ ಹೇಳಬೇಡಿ ಅಂತ ಬರೆದಿದಾಳಲ್ಲ ಮಿಸ್,” ಎಂದರು. “ನಾನೇನು ಮಾಡ್ದೆ ಅವಳಿಗೆ?”

“ನೀವೇನೂ ಮಾಡಿಲ್ಲಮ್ಮ. ನೀವು ಅತ್ತುಬಿಡ್ತೀರಿ ಅಂತ ಅವಳಿಗೆ ಭಯ.”

“ಅಳ್ದೆ ಇನ್ನೇನ್ ಮಾಡ್ಲಿ,” ಎಂದು ಆಕೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡರು.

ದೊಡ್ಡ ಸಿಸ್ಟರ್ ಅವರಿಗೆ ನೀರು ಕೊಡಿಸಿದರು. ಕೈ ಹಿಡಿದುಕೊಂಡರು. ಬೆಣ್ಣೆಯಂಥ ದನಿಯಲ್ಲಿ ಶುರು ಮಾಡಿದರು. “ನೋಡಿ ತಾಯಿ, ನಿಮ್ಮ ಮಗು ಒಳ್ಳೇ ಮಗು. ಆದ್ರೆ ನಮ್ಮಲ್ಲಿ ಅಂಥ ಸೌಲಭ್ಯ ಇಲ್ಲ. ಇಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮಗೂ ನೋವು, ನಮಗೂ ನೋವು. ಇಂಥ ಮಕ್ಕಳಿಗೆ ಅಂತಲೇ ಶಾಲೆಗಳಿವೆ. ನೀವಾಗಿಯೇ ಕೇಳಿದ ಹಾಗೆ ಒಂದು ಸಹಿ ಹಾಕಿದ್ರೆ, ನಾನೇ ಪತ್ರ ಬರೆದು ಕೊಡ್ತೀನಿ.”

ಅಮ್ಮ ಪೆನ್ನು ತೆಗೆದುಕೊಂಡರು. ಈ ಮಗು ಬಾಯಿಬಿಡುವುದು ಪ್ರಪಂಚದಲ್ಲಿ ಒಂದೇ ಕೋಣೆಯಲ್ಲಿ, ಅದೂ ಮೂರು ವರ್ಷ ಹಿಡಿದಿತ್ತು. ಇವತ್ತು ಸಹಿ ಬಿದ್ದರೆ ಸೋಮವಾರದಿಂದ ಅವಳು ಗೊತ್ತಿಲ್ಲದ ಮುಖಗಳ ನಡುವೆ, ಮೊದಲಿನಿಂದ, ಒಬ್ಬಳೇ.

“ಸಹಿ ಹಾಕ್ಬೇಡಿ!” ಅವಳ ದನಿಗೆ ಕಿಟಕಿಯ ಗಾಜು ಅದುರಿತು. ಹೊರಗೆ ಬೆಂಚಿನ ಮೇಲಿದ್ದ ಆಯಾ ಎದ್ದು ನಿಂತಳು. “ತಪ್ಪು ಮಾಡಿದ್ದು ಇವರು. ಶಾಲೆ ಬಿಡೋದು ನಿಮ್ಮ ಮಗಳಾ?”

ಶಾಲೆಯ ವ್ಯವಸ್ಥಾಪಕರಾಗಿದ್ದ ಫಾದರ್ ಬಾಗಿಲಿಗೆ ಬಂದದ್ದು ಆ ಕೂಗು ಕೇಳಿಯೇ. ಎಪ್ಪತ್ತು ದಾಟಿದ ಮುದುಕರು, ಕೋಲೂರಿಕೊಂಡು ನಡೆಯುವವರು. ಗಲಾಟೆ ಅಂದರೆ ಅವರಿಗೆ ಆಗದು. ಯಾವ ಜಗಳ ಬಂದರೂ ಆಗಲಿ, ನೋಡೋಣ, ಪ್ರಾರ್ಥನೆ ಮಾಡೋಣ ಎಂದು ಜಾರಿಕೊಳ್ಳುವುದರಲ್ಲಿ ಎತ್ತಿದ ಕೈ. ಕುರ್ಚಿಯಲ್ಲಿ ಕೂತು, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, “ಏನಮ್ಮ ಇದು?” ಎಂದರು.

ದೊಡ್ಡ ಸಿಸ್ಟರ್ ಹೇಳಿದರು, ಗುಡುಗು ಮಿಸ್ ಹೇಳಿದಳು, ಇಬ್ಬರೂ ಒಟ್ಟಿಗೆ ಹೇಳಿದರು. ಕೊನೆಗೆ ಫಾದರ್ ಕೈ ಎತ್ತಿದರು. “ಆಗಿದ್ದು ಆಗಿಹೋಯ್ತು. ಸಿಸ್ಟರ್ ಮಾಡಿದ್ದು ಪ್ರಾರ್ಥನೆ ತಾನೇ? ಅದರಿಂದ ಕೆಟ್ಟದ್ದೇನೂ…”

“ಫಾದರ್, ಒಂದು ಕೇಳ್ತೀನಿ,” ಎಂದಳು ಗುಡುಗು ಮಿಸ್. “ಶನಿವಾರ ಸಂಜೆ ಜನ ಬಂದು ನಿಮ್ಮ ಕಿವಿಯಲ್ಲಿ ಪಾಪನಿವೇದನೆ ಮಾಡ್ತಾರಲ್ಲ. ಭಾನುವಾರ ಪೂಜೆಯಲ್ಲಿ ಅದನ್ನ ಹೆಸರು ಹೇಳಿ ಮೈಕಲ್ಲಿ ಓದ್ತೀರಾ? ಎಲ್ಲರೂ ಸೇರಿ ಇವನಿಗಾಗಿ ಪ್ರಾರ್ಥಿಸೋಣ ಅಂತ?”

ಫಾದರ್ ಮುಖದ ಮೇಲಿನ ನಗು ಆರಿತು. “ಏನು ಮಾತಾಡ್ತೀರಿ? ಪ್ರಾಣ ಹೋದ್ರೂ ಓದಲ್ಲ.”

“ಯಾಕೆ? ಪ್ರಾರ್ಥನೆ ತಾನೇ?”

ಪಕ್ಕದ ಕೋಣೆಯಲ್ಲಿ ಕ್ಲರ್ಕು ಟೈಪು ಮಾಡುವುದನ್ನು ನಿಲ್ಲಿಸಿದ. ಫಾದರ್ ದೊಡ್ಡ ಸಿಸ್ಟರ್ ಕಡೆ ತಿರುಗಿ, “ಆ ಡಬ್ಬ ತೆಗೆಸಿದ್ದು ಯಾರು?” ಎಂದರು.

“ನಾನೇ ಫಾದರ್. ಎರಡೂ ಒಂದೇ ಅಂದ್ಕೊಂಡೆ.”

“ಒಂದೇ ಅಲ್ಲ ಸಿಸ್ಟರ್,” ಎಂದರು ಅವರು. ಮುದುಕರಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ಆ ಶಾಲೆಯಲ್ಲಿ ಅದೇ ಮೊದಲು ಕಂಡದ್ದು.

ದೊಡ್ಡ ಸಿಸ್ಟರ್ ಕಣ್ಣು ತುಂಬಿ ಬಂತು. ಆದರೆ ಅವರೂ ಮನುಷ್ಯರೇ, ಮೂಲೆಗೆ ಸಿಕ್ಕಿದ್ದರು. ಗುಡುಗು ಮಿಸ್ ಕಡೆ ತಿರುಗಿದರು. “ತಪ್ಪೆಲ್ಲ ನನ್ನ ಮೇಲೆ ಹಾಕ್ತೀರಲ್ಲ, ಈ ಚೀಟಿಯಲ್ಲಿ ತಾರೀಖಿದೆ ನೋಡಿ. ಇವತ್ತಿಗೆ ಒಂಬತ್ತು ದಿನ. ನಾನು ಡಬ್ಬ ತೆಗೆದಿದ್ದು ಸೋಮವಾರ. ಅದಕ್ಕೂ ಮುಂಚೆ ಐದು ದಿನ ಚೀಟಿ ಅಲ್ಲೇ ಇತ್ತು. ಬೀಗದ ಕೈ ನಿಮ್ಮ ಹತ್ರಾನೂ ಇತ್ತಲ್ಲ. ನೀವೇನು ಮಾಡ್ತಿದ್ರಿ?”

ಥರ್ಮೋಕೋಲು ಕತ್ತರಿಸುತ್ತಿದ್ದೆ ಎಂದು ಬಾಯಿ ತುದಿಗೆ ಬಂತು. ನೀವೇ ಹಚ್ಚಿದ ಕೆಲಸ ಎಂದೂ ಬಂತು. ಎರಡೂ ನಿಜವೇ. ಆದರೆ ಅದಕ್ಕೂ ಮುಂಚೆ ಹಾಜರಿ ಪುಸ್ತಕ, ಪರೀಕ್ಷೆಯ ಮೇಲ್ವಿಚಾರಣೆ, ಮಂಡಿ ನೋವು, ನಾಳೆ ನೋಡಿದರಾಯಿತು ಎನ್ನುವ ಸದರ. ಸೋಮವಾರ ಡಬ್ಬ ಕಾಣದಿದ್ದಾಗ ಬಣ್ಣಕ್ಕೆ ಕೊಟ್ಟಿರಬೇಕು ಎಂದುಕೊಂಡು ವಿಚಾರಿಸದೆ ಹೋದವಳೂ ಅವಳೇ. ಇಷ್ಟು ಹೊತ್ತು ಬೇರೆಯವರ ಕಡೆ ಉರಿಯುತ್ತಿದ್ದ ಬೆಂಕಿ ತಿರುಗಿ ಅವಳ ಹೊಟ್ಟೆಗೇ ಬಿತ್ತು.

“ನೋಡ್ಲಿಲ್ಲ,” ಎಂದಳು. “ನಂದೂ ತಪ್ಪು. ಅದನ್ನ ಈ ತಾಯಿ ಮುಂದೆ ಒಪ್ಕೋತೀನಿ. ನೀವು ನಿಮ್ಮದನ್ನ ಒಪ್ಕೊಳ್ಳಿ. ಸೋಮವಾರ ಅಸೆಂಬ್ಲಿಯಲ್ಲಿ, ಅದೇ ಮೈಕಲ್ಲಿ, ಆರುನೂರು ಮಕ್ಕಳ ಮುಂದೆ, ನಾನು ತಪ್ಪು ಮಾಡ್ದೆ, ಚುಕ್ಕಿ ಸೋಮಾರಿ ಅಲ್ಲ ಅಂತ ಹೇಳಿ. ಹೇಳೋವರೆಗೂ ನಾನು ಬಿಡಲ್ಲ!”

“ಬೇಡ.”

ಬಾಗಿಲಲ್ಲಿ ಚುಕ್ಕಿ ನಿಂತಿದ್ದಳು. ಆಯಾ ಹಿಂದಿನಿಂದ ಅವಳ ಭುಜ ಹಿಡಿದಿದ್ದಳು. ಇಷ್ಟು ಹೊತ್ತು ಅವಳ ಬಗ್ಗೆಯೇ ಮಾತಾಡುತ್ತಿದ್ದ ನಾಲ್ಕು ದೊಡ್ಡವರೂ ಅವಳು ಆರಡಿ ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನುವುದನ್ನೇ ಮರೆತಿದ್ದರು. ಗುಡುಗು ಮಿಸ್ಸೂ ಮರೆತಿದ್ದಳು, ಅದೇ ನಾಚಿಕೆಗೇಡು.

“ಮತ್ತೆ ಮೈಕಲ್ಲಿ ನನ್ನ ಹೆಸರು ಬೇಡ ಮಿಸ್.”

ಅಷ್ಟು ಹೇಳಿ ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಆಮೇಲೆ ಯಾರಿಗೂ ಕೂಗಾಡಲು ಮುಖ ಉಳಿಯಲಿಲ್ಲ. ಫಾದರ್ ಟಿ.ಸಿ. ಅರ್ಜಿಯನ್ನು ತಾವೇ ಎಳೆದುಕೊಂಡು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು. ಹುಡುಗಿ ಇಲ್ಲೇ ಇರುತ್ತಾಳೆ, ಕೌನ್ಸೆಲರ್ ವಾರಕ್ಕೆರಡು ದಿನ ಮತ್ತೆ ಬರಬೇಕು, ನಾನೇ ಮಾತಾಡುತ್ತೇನೆ ಎಂದರು. ದೊಡ್ಡ ಸಿಸ್ಟರ್ ಚುಕ್ಕಿಯ ಅಮ್ಮನ ಕೈ ಹಿಡಿದು ಕ್ಷಮಿಸಿ ಅಂದರು. ಈ ಸಲ ದನಿಯಲ್ಲಿ ಬೆಣ್ಣೆ ಇರಲಿಲ್ಲ. ಅಮ್ಮ ಆಗಲಿ ಸಿಸ್ಟರ್ ಎಂದರು, ಅವರ ಮುಖ ನೋಡದೆ.

ಗೆದ್ದೆ ಎಂದುಕೊಂಡಳು ಗುಡುಗು ಮಿಸ್. ಮಗು ಉಳಿಯಿತು, ಬೇಕಾಗಿದ್ದು ಅದೇ ತಾನೇ? ಅಮ್ಮ, ಮಗಳು ಇಬ್ಬರನ್ನೂ ಗೇಟಿನವರೆಗೆ ಬಿಡಲು ಹೋದಳು. ಅಮ್ಮ ಲಾಂಡ್ರಿಗೆ ರಜೆ ಹೇಳಲು ಫೋನು ಹಿಡಿದು ಪಕ್ಕಕ್ಕೆ ಸರಿದರು. ಗುಡುಗು ಮಿಸ್ಸೂ ಚುಕ್ಕಿಯೂ ಗೇಟಿನ ಕಟ್ಟೆಯ ಮೇಲೆ ಕೂತರು.

“ನಾಲ್ಕು ಗಂಟೆಗೆ ಡಾಕ್ಟರ್ ಹತ್ರ ನಾನೂ ಬರ್ತೀನಿ,” ಎಂದಳು ಗುಡುಗು ಮಿಸ್. “ಅವರು ಕೇಳಿದ್ದಕ್ಕೆಲ್ಲ ಹೇಳ್ಬೇಕು ಪುಟ್ಟಾ, ಆಯ್ತಾ?”

“ಏನಿಲ್ಲ ಅಂತ ಹೇಳ್ತೀನಿ.”

“ಯಾಕೆ?”

“ಹೇಳಿದ್ರೆ ಪ್ರಾರ್ಥನೆ ಮಾಡ್ಬಿಡ್ತಾರೆ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರೂ ಗುಡುಗು ಮಿಸ್‌ಗೆ ಇಂಥ ಏಟು ಕೊಟ್ಟಿರಲಿಲ್ಲ. ಈ ಮಗುವಿಗೆ ಇನ್ನೊಂದು ಸಲ ಮಾತು ಕೊಡುವ ಯೋಗ್ಯತೆ ತನಗಿಲ್ಲ, ಕೊಟ್ಟ ಮಾತಿಗೆ ಇಲ್ಲಿ ಕವಡೆ ಕಾಸಿನ ಕಿಮ್ಮತ್ತೂ ಉಳಿದಿಲ್ಲ. ಕೊನೆಗೆ, “ಹಾಗಾದ್ರೆ ನೀನು ಹೇಳ್ಬೇಡ. ನಾನು ಹೇಳ್ತೀನಿ. ತಪ್ಪು ಹೇಳಿದ್ರೆ ನೀನು ತಿದ್ದು,” ಎಂದಳು.

ಚುಕ್ಕಿ ಓರೆಗಣ್ಣಿನಲ್ಲಿ ನೋಡಿದಳು. “ನೀವು ತಪ್ಪು ಹೇಳ್ತೀರಾ?”

“ಬೇಕಾದಷ್ಟು ಹೇಳ್ತೀನಿ. ಈಗ್ಲೇ ನೋಡು. ನಮ್ಮ ಚುಕ್ಕಿಗೆ ದಿನಾ ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ ಡಾಕ್ಟ್ರೇ.”

ಚುಕ್ಕಿ ಉಗುರಿನ ಪಕ್ಕದ ಚರ್ಮ ಕಿತ್ತಳು. “ದಿನಾ ಅಲ್ಲ,” ಎಂದಳು.

“ಮತ್ತೆ?”

“ಭಾನುವಾರ ಏಳ್ತೀನಿ. ರಜೆ ಇದ್ರೂ ಏಳ್ತೀನಿ. ಅಮ್ಮನಿಗಿಂತ ಮುಂಚೆ ಏಳ್ತೀನಿ.”

ಗುಡುಗು ಮಿಸ್ ಶಾಲೆಯ ಕಡೆ ತಿರುಗಿ ನೋಡಿದಳು. ಈಗ ತಾನೇ ಗಾಜು ಅದುರುವ ಹಾಗೆ ಕೂಗಾಡಿ, ಫಾದರನ್ನು ನಿಲ್ಲಿಸಿ ಕೇಳಿ, ಈ ಮಗುವನ್ನು ಉಳಿಸಿಕೊಂಡದ್ದು ಎಲ್ಲಿ? ಇದೇ ಶಾಲೆಯಲ್ಲಿ.

“ನಿಮ್ಮ ರೂಮಿಗೆ ಬರೋದು ಇಷ್ಟ ಮಿಸ್,” ಎಂದಳು ಚುಕ್ಕಿ, ಅವಳ ಮುಖ ನೋಡಿ ಗಾಬರಿಯಾಗಿ. “ಅದಕ್ಕೆ ಮುಂಚೆ. ಫಸ್ಟ್ ಪೀರಿಯಡ್ಡು. ಕ್ಲಾಸಲ್ಲಿ ದಿನಾ ಒಬ್ಬರು ನಿಂತ್ಕೊಂಡು ಬೈಬಲ್ ಓದ್ಬೇಕಲ್ಲ. ಮೊದ್ಲು ನನ್ನ ನಂಬರ್ ಬಂದಾಗ ಬಿಡ್ತಿದ್ರು. ಈ ವರ್ಷ ದೊಡ್ಡ ಸಿಸ್ಟರ್ ಯಾರನ್ನೂ ಬಿಡೋ ಹಾಗಿಲ್ಲ ಅಂದ್ರು. ದೇವರ ಮುಂದೆ ಎಲ್ಲರೂ ಒಂದೇ ಅಂತೆ. ಓದಿ ಮುಗಿಸೋವರೆಗೂ ನಿಂತಿರ್ಬೇಕು. ಅದರಲ್ಲಿ ಚುಕ್ಕಿ ಇಡಬಾರದು ಅಂದಿದಾರೆ, ಪವಿತ್ರ ಪುಸ್ತಕ ಅಲ್ವಾ. ನಾನು ಮುಗಿಸೋದೇ ಇಲ್ಲ. ಮುಗಿಸಿಲ್ಲ ಅಂತ ಮಾರನೇ ದಿನಾನೂ ನಾನೇ.”

“ಎಷ್ಟು ದಿನದಿಂದ?”

“ಶಾಲೆ ಶುರುವಾದ್ಮೇಲೆ, ಮೂರನೇ ವಾರದಿಂದ.”

ಅಂದರೆ ಐದು ತಿಂಗಳು. ದಿನವೂ ನಲವತ್ತು ಮಕ್ಕಳ ಎದುರಿಗೆ, ಓಡಾಡುವ ಅಕ್ಷರಗಳನ್ನು ಕಟ್ಟಿಹಾಕಲು ಒಂದು ಪೆನ್ಸಿಲೂ ಇಲ್ಲದೆ. ಆ ಹೊತ್ತಿನಲ್ಲಿ ಗುಡುಗು ಮಿಸ್ ಚಾಪೆಲ್ ಹಿಂದೆ ಎರಡನೇ ಕ್ಲಾಸಿನ ಮಕ್ಕಳಿಗೆ ಬಣ್ಣದ ಬಿಲ್ಲೆ ಜೋಡಿಸಿ ಕೊಡುತ್ತಿರುತ್ತಿದ್ದಳು. ಇಬ್ಬರ ನಡುವೆ ಎರಡು ಗೋಡೆ. ಅವಳಿಗೆ ಸಿಟ್ಟು ಬಂತು. ಬೆಳಿಗ್ಗೆ ಬಂದದ್ದು ಇದರ ಮುಂದೆ ಏನೂ ಅಲ್ಲ. ಎದ್ದೇಬಿಟ್ಟಳು. ಎರಡು ಹೆಜ್ಜೆ ಇಟ್ಟವಳು ನಿಂತಳು, ವಾಪಸ್ಸು ಬಂದು ಚುಕ್ಕಿಯ ಎದುರಿಗೆ ಬಗ್ಗಿದಳು.

“ಇದನ್ನ ಒಳಗೆ ಹೋಗಿ ದೊಡ್ಡ ಸಿಸ್ಟರ್‌ಗೆ ಹೇಳ್ಲಾ? ನೀನು ಬೇಡ ಅಂದ್ರೆ ಹೇಳಲ್ಲ.”

ಚುಕ್ಕಿ ಯೋಚಿಸಿದಳು. ಅಮ್ಮ ಫೋನು ಮುಗಿಸಿ ಇತ್ತಲೇ ಬರುತ್ತಿದ್ದರು. ಮೈದಾನದಲ್ಲಿ ಊಟದ ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿ ಬರುತ್ತಿದ್ದರು.

“ಮೈಕಲ್ಲಿ ಅಲ್ಲ ತಾನೇ?”

“ಅಲ್ಲ. ಬಾಗಿಲು ಹಾಕ್ಕೊಂಡು. ಅವರಿಗೊಬ್ಬರಿಗೇ.”

“ಮೆಲ್ಲಗೆ ಹೇಳ್ತೀರಾ?”

ಗುಡುಗು ಮಿಸ್ ಅವಳ ಮುಖ ನೋಡಿದಳು. ಇವತ್ತಿಗೆ ಈ ಮಗುವಿಗೆ ಸುಳ್ಳು ಹೇಳಿದ್ದು ಸಾಕು ಅನ್ನಿಸಿತು.

“ಇಲ್ಲ,” ಎಂದಳು.

“ಹಾಗಾದ್ರೆ ಹೇಳಿ,” ಎಂದಳು ಚುಕ್ಕಿ.